ಬೆಂಕಿಗೆ ಮುಂಚಿನ ಕೆಲಸ ಮತ್ತು ಬೆಟ್ಟದ ಮಣ್ಣು



ಚಳಿ ಇಳಿಯುತ್ತಲೇ ಸೊಪ್ಪಿನಬೆಟ್ಟ, ಕಾನು, ಬಾಣೆಗಳಲ್ಲಿ ಬೆಂಕಿಯ ಭಯ ಆರಂಭವಾಗುತ್ತದೆ. ಬೆಂಕಿ ಬಿದ್ದ ಮೇಲೆ ಮರ ಎಷ್ಟು ಹೋಯಿತು, ತೋಟದ ಅಂಚಿನ ಕಾಫಿ ಗಿಡ ಎಷ್ಟು ಬಾಡಿತು ಎಂದು ಲೆಕ್ಕ ಹಾಕುತ್ತೇವೆ. ಮಣ್ಣಿನ ಲೆಕ್ಕ ಹಾಕುವವರು ವಿರಳ. "ಬೂದಿ ಬಿತ್ತಲ್ಲ, ಗೊಬ್ಬರವಾಯಿತು" ಎಂದು ಸಮಾಧಾನ ಹೇಳುವವರೂ ನಮ್ಮಲ್ಲಿದ್ದಾರೆ. ಈ ಮಾತು ಅರ್ಧ ಮಾತ್ರ ನಿಜ.

ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶವಿರುವುದು ಸತ್ಯ. ನಮ್ಮ ಹುಳಿಮಣ್ಣಿನ ಆಮ್ಲತೆಯೂ ಕೆಲಕಾಲ ತಗ್ಗುತ್ತದೆ. ಆದರೆ ತರಗೆಲೆಯಲ್ಲಿದ್ದ ಸಾರಜನಕ, ಕಾವು ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ಅನಿಲವಾಗಿ ಹಾರಿಹೋಗತೊಡಗುತ್ತದೆ. ಉಳಿದ ಬೂದಿಯಲ್ಲಿ ಬಹುಪಾಲು ಇಳಿಜಾರಿನ ಮೇಲೆ ಮೊದಲ ಜಡಿಮಳೆಗೇ ಹಳ್ಳದ ಪಾಲು. ಅದೇ ತರಗೆಲೆ ಕೊಟ್ಟಿಗೆಗೆ ಬಂದು ಗೊಬ್ಬರಗುಂಡಿಗೆ ಹೋಗಿದ್ದರೆ ಅದರ ಸತ್ವ ತೋಟಕ್ಕೆ ಸೇರುತ್ತಿತ್ತು.

ಇನ್ನು ಕಾವಿನ ವಿಚಾರ. ಮಣ್ಣು ಎಷ್ಟು ಕೆಡುತ್ತದೆ ಎಂಬುದನ್ನು ಜ್ವಾಲೆಯ ಎತ್ತರಕ್ಕಿಂತ ಹೆಚ್ಚಾಗಿ, ಕಾವು ಒಂದೇ ಕಡೆ ಎಷ್ಟು ಹೊತ್ತು ನಿಂತಿತು ಎಂಬುದು ತೀರ್ಮಾನಿಸುತ್ತದೆ. ಒಣಮಣ್ಣು ಶಾಖವನ್ನು ಬೇಗ ಕೆಳಗೆ ಬಿಡುವುದಿಲ್ಲ. ಒಣಹುಲ್ಲು, ತೆಳುವಾದ ತರಗೆಲೆ ಉರಿದು ಬೆಂಕಿ ಮುಂದೆ ಸಾಗಿದರೆ ಎರಡು ಅಂಗುಲ ಕೆಳಗಿನ ಮಣ್ಣಿಗೆ ಅಷ್ಟಾಗಿ ತಾಗುವುದಿಲ್ಲ. ಬಿದ್ದ ದಿಮ್ಮಿ, ಕಡಿದ ರೆಂಬೆಗಳ ರಾಶಿ ಗಂಟೆಗಟ್ಟಲೆ ಕೆಂಡವಾಗಿ ಉರಿದಲ್ಲಿ ಕಥೆಯೇ ಬೇರೆ. ಅಲ್ಲಿ ಮಣ್ಣಿನ ಜೀವಾಂಶ ಸುಟ್ಟು, ಸಣ್ಣ ಬೇರುಗಳೂ, ಬೇರಿಗೆ ಅಂಟಿ ಬದುಕುವ ಉಪಕಾರಿ ಶಿಲೀಂಧ್ರಗಳೂ ಸಾಯುತ್ತವೆ. ಬೇರು ಸಾಯಲು 60 ಡಿಗ್ರಿಯೇ ಸಾಕು. ಎಲೆಗಳ ಮೇಣದಂತಹ ಅಂಶ ಆವಿಯಾಗಿ ಕೆಳಗಿಳಿದು ಮಣ್ಣಿನ ಕಣಗಳಿಗೆ ಹತ್ತುವುದೂ ಉಂಟು. ಆಗ ಮಳೆ ನೀರು ಇಂಗದೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಜಾರುತ್ತದೆ. ಬೆಟ್ಟದ ಬುಡದಲ್ಲಿ ಅಡಿಕೆ ತೋಟವಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ: ಆಷಾಢದಲ್ಲಿ ಬಸಿಗಾಲುವೆ ತುಂಬ ಹೂಳು, ಬೇಸಿಗೆಯಲ್ಲಿ ಒರತೆಗೆ ನೀರಿಲ್ಲ.

ಆದ್ದರಿಂದ ಬೆಂಕಿ ಬರುವ ಮುಂಚೆ ಬೆಟ್ಟದಲ್ಲಿ ಏನು ಬಿದ್ದಿತ್ತು, ಹೇಗೆ ಬಿದ್ದಿತ್ತು ಎಂಬುದೇ ಮುಖ್ಯ. ಮರಗಸಿಯ ರೆಂಬೆಗಳನ್ನೂ ಕಡಿದ ಲಂಟಾನವನ್ನೂ ಮರದ ಬುಡದಲ್ಲಿ ದೊಡ್ಡ ರಾಶಿ ಹಾಕುವ ಅಭ್ಯಾಸ ಕೆಟ್ಟದ್ದು. ತುಂಡು ಮಾಡಿ, ನೆಲಕ್ಕೆ ತಾಗುವಂತೆ, ಇಳಿಜಾರಿಗೆ ಅಡ್ಡಲಾಗಿ ಹರಡಿದರೆ ಮಳೆಗಾಲದಲ್ಲಿ ಕೊಳೆತು ಮಣ್ಣಾಗುತ್ತದೆ. ಸೌದೆಗೆ ಬರುವ ದಪ್ಪ ಕೊಂಬೆಗಳನ್ನು ಮನೆಗೆ ಸಾಗಿಸುವುದು ಲೇಸು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮೊದಲೇ 'ತರಗು ಬೆಂಕಿ' ಎಂಬ ಸಣ್ಣ ಬೆಂಕಿ ಹಾಕುತ್ತಿದ್ದರು. 1974ರಲ್ಲಿ ಅದು ಅಭಯಾರಣ್ಯವಾಯಿತು, ಆ ಪದ್ಧತಿ ನಿಂತಿತು. ಲಂಟಾನ ಹಬ್ಬಲು ಅದೂ ಒಂದು ಕಾರಣವೆಂದು ಸೋಲಿಗರು ಹೇಳುತ್ತಾರೆ. ಲಂಟಾನ ನೆಲದಿಂದ ಮರದ ತಲೆಯವರೆಗೆ ಬೆಂಕಿಗೆ ಏಣಿಯಾಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಮಿಕ್ಕಿ ಸುಟ್ಟದ್ದು ಇಂತಹ ಪೊದೆಗಳು ತುಂಬಿದ ಕಾಡಿನಲ್ಲೇ. ಹಾಗೆಂದು ಸದಸ್ಯರು ತಾವೇ ಕಡ್ಡಿ ಗೀರಬೇಕೆಂದು ನಾವು ಹೇಳುತ್ತಿಲ್ಲ. ಸೋಲಿಗರ ಕಾಡು ಬೇರೆ, ನಮ್ಮ ಮಳೆಕಾಡು ಬೇರೆ. ಮೇಲಾಗಿ ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಲಂಟಾನವನ್ನು ಕಾಯಾಗುವ ಮೊದಲೇ, ಬೇರಿನ ಗಂಟಿನ ಕೆಳಗೆ ಕಡಿದು ತಲೆಕೆಳಗು ಮಾಡಿಟ್ಟರೆ ಮತ್ತೆ ಚಿಗುರುವುದು ಕಡಿಮೆ.

ಬೆಂಕಿಯ ಭಯಕ್ಕೆ ಬೆಟ್ಟವನ್ನೆಲ್ಲ ಗುಡಿಸಿ ಬೋಳು ಮಾಡುವುದೂ ತಪ್ಪು. ಹೊದಿಕೆ ಹೋದ ಬೆಟ್ಟದಲ್ಲಿ ಮೇಲ್ಮಣ್ಣು ಕೊಚ್ಚಿ, ಕೊನೆಗೆ ಜಂಬಿಟ್ಟಿಗೆ ಕಲ್ಲು ಕಾಣುತ್ತದೆ. ಸೊಪ್ಪು, ತರಗೆಲೆ ಬೇಕಾದವರು ದಾರಿಯ ಬದಿ, ಗಡಿಯ ಪಟ್ಟಿಗಳಿಂದ ಮೊದಲು ತೆಗೆಯಲಿ. ಕಡಿದಾದ ಇಳಿಜಾರಿನದನ್ನು ಮುಟ್ಟದಿರಲಿ. ಹೀಗೆ ತೆಗೆದ ಪಟ್ಟಿಯೇ ಬೆಂಕಿ ರೇಖೆಯಾಗುತ್ತದೆ.

ರೇಖೆಯನ್ನು ಮೇಲಿನಿಂದ ಕೆಳಗೆ ನೆಟ್ಟಗೆ ಕಡಿದರೆ ಮಳೆಗಾಲದಲ್ಲಿ ಅದೇ ಕೊರಕಲಾಗುತ್ತದೆ. ಓರೆಯಾಗಿ ಒಯ್ಯಬೇಕು. ಹಾಗೆ ಸಾಧ್ಯವಿಲ್ಲದ ಕಡೆ ಮಳೆಗೆ ಮುಂಚೆ ಅಲ್ಲಲ್ಲಿ ಕಟ್ಟಿಗೆ, ಕಲ್ಲುಗಳ ಅಡ್ಡ ಒಡ್ಡು ಇಡಬೇಕು. ಡಿಸೆಂಬರ್ ಮುಗಿಯುವುದರೊಳಗೆ ಕೆಲಸ ಆಗಬೇಕು. ಕಾಫಿ ಕೊಯ್ಲು, ಅಡಿಕೆ ಕೊಯ್ಲಿನ ನಡುವೆ ಆಳು ಸಿಗುವುದಿಲ್ಲವೆಂಬುದು ನಮಗೂ ಗೊತ್ತು. ಗಡಿ ಕೂಡಿದವರು ಒಂದೇ ವಾರದಲ್ಲಿ, ಮುಯ್ಯಾಳಿನಂತೆ ಸೇರಿ ಮಾಡುವುದೊಂದೇ ದಾರಿ. ಒಬ್ಬರ ರೇಖೆ ನಿಂತಲ್ಲಿ ಇನ್ನೊಬ್ಬರದು ಆರಂಭವಾಗದಿದ್ದರೆ ಬೆಂಕಿ ಆ ಸಂದಿನಿಂದಲೇ ಬರುತ್ತದೆ.