ಎಐ ಓದುವ ಕೈಪಿಡಿ

ಮಂಡ್ಯ ಜಿಲ್ಲೆಯ ಶೀಳನೆರೆ ಹೋಬಳಿಯ ರೈತರೊಬ್ಬರು ಮೊಬೈಲಿನಲ್ಲಿ ಎಐ ಸಹಾಯಕವನ್ನು ‘ಮಂಡ್ಯದಲ್ಲಿ ಇವತ್ತು ಬೆಲ್ಲಕ್ಕೆ ಏನು ರೇಟು?’ ಎಂದು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಎಐ ಕಲಿತಿರುವುದೆಲ್ಲ ಹಳೆಯ ಬರಹಗಳಿಂದ. ಇವತ್ತಿನ ಧಾರಣೆ ಇರುವುದು ಸರ್ಕಾರದ ದತ್ತಾಂಶ ತಾಣದಲ್ಲಿ. ಅಲ್ಲಿಂದ ಅಂಕಿ ತರಿಸಿಕೊಳ್ಳಲು ಎಐಗೆ ಒಂದು ಪುಟ್ಟ ತಂತ್ರಾಂಶದ ನೆರವು ಬೇಕು. ಅದಕ್ಕೆ ‘ಟೂಲ್’ ಎನ್ನುತ್ತಾರೆ. ಇಂಥ ಟೂಲ್‌ಗಳನ್ನು ಆರಿಸಿಕೊಂಡು ಕೆಲಸ ಮುಗಿಸುವ ಎಐ ವ್ಯವಸ್ಥೆಯೇ ‘ಏಜೆಂಟ್’.

ಏಜೆಂಟ್‌ಗೆ ಟೂಲ್‌ನ ಒಳಗೇನಿದೆ ಎಂಬುದು ಸಾಮಾನ್ಯವಾಗಿ ಕಾಣುವುದಿಲ್ಲ. ಅದರ ಮುಂದಿರುವುದು ಟೂಲ್‌ನ ಹೆಸರು, ನಾಲ್ಕಾರು ಸಾಲಿನ ವಿವರಣೆ, ಯಾವ ಯಾವ ಮಾಹಿತಿ ಕೊಟ್ಟು ಕೇಳಬೇಕು ಎಂಬ ಪಟ್ಟಿ, ಇಷ್ಟೆ. ಅದನ್ನು ಓದಿ ‘ಜಿಲ್ಲೆ: ಮಂಡ್ಯ, ಸರಕು: ಬೆಲ್ಲ’ ಎಂಬಂಥ ಕೋರಿಕೆ ಬರೆಯುತ್ತದೆ. ತಂತ್ರಾಂಶ ಹುಡುಕಿ ತಂದ ಅಂಕಿಯನ್ನು ಮತ್ತೆ ಓದಿ ಉತ್ತರ ಹೇಳುತ್ತದೆ. ಹಾಗಾಗಿ ಆ ನಾಲ್ಕಾರು ಸಾಲು ಬರೆದವರ ಕೈಯಲ್ಲಿ ಉತ್ತರದ ಅರ್ಧ ಹಣೆಬರಹ ಇರುತ್ತದೆ.

ಬೆಲ್ಲವನ್ನೇ ನೋಡಿ. ಕೃಷಿ ಮಾರುಕಟ್ಟೆಗಳ ದಿನದ ಧಾರಣೆ ಕೇಂದ್ರ ಸರ್ಕಾರದ ‘ಅಗ್‌ಮಾರ್ಕ್‌ನೆಟ್’ ತಾಣದಲ್ಲಿ ಸಿಗುತ್ತದೆ. ಪ್ರತಿ ಸಾಲಿನಲ್ಲೂ ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ತಳಿ, ದಿನಾಂಕದ ಜತೆಗೆ ಮೂರು ಬೆಲೆಗಳಿರುತ್ತವೆ: ಕನಿಷ್ಠ, ಗರಿಷ್ಠ, ಮತ್ತು ಹೆಚ್ಚಿನ ಮಾಲು ಮಾರಾಟವಾದ ಬೆಲೆ. ಟೂಲ್‌ನ ವಿವರಣೆಯಲ್ಲಿ ‘ಸರಕಿನ ಬೆಲೆ ಕೊಡುತ್ತದೆ’ ಎಂದಷ್ಟೇ ಇದ್ದರೆ ಏಜೆಂಟ್ ಮೂರರಲ್ಲಿ ಯಾವುದನ್ನು ಬೇಕಾದರೂ ಹೇಳೀತು. ಬಂದ ಅಂಕಿ 4,200 ಎನ್ನಿ. ಅದು ಕ್ವಿಂಟಲ್‌ಗೋ ಕಿಲೋಗೋ ತಿಳಿಯದೆ ಊಹಿಸಲೂಬಹುದು. ಅಚ್ಚುಬೆಲ್ಲ, ಬಕೆಟ್ ಬೆಲ್ಲ, ಕುರಿಕಾಲಚ್ಚು ಎಂದು ಬಗೆಬಗೆಯಾಗಿ ಬೆಲೆ ಕಟ್ಟುವ ಮಂಡ್ಯದಲ್ಲಿ ಬರೀ ‘ಬೆಲ್ಲ’ ಎಂದರೆ ಸಾಲದು. ಸರಿಯಾದ ವಿವರಣೆ ಹೀಗಿರಬೇಕು: ‘ಸಗಟು ಧಾರಣೆ, ಕ್ವಿಂಟಲ್‌ಗೆ ರೂಪಾಯಿಯಲ್ಲಿ. ಬಗೆ ಮತ್ತು ದಿನಾಂಕ ತಿಳಿಸಿಯೇ ಉತ್ತರಿಸು. ಆ ದಿನ ಆವಕ ಇಲ್ಲದಿದ್ದರೆ ಹಾಗೆಂದು ಹೇಳು.’

ಏಜೆಂಟ್‌ಗೂ ಟೂಲ್‌ಗೂ ನಡುವಿನ ಮಾತುಕತೆಗೆ ಒಂದು ಸಾಮಾನ್ಯ ಶಿಷ್ಟತೆ ಬಂದದ್ದು 2024ರ ನವೆಂಬರ್‌ನಲ್ಲಿ. ಆಂಥ್ರೋಪಿಕ್ ಕಂಪನಿ ಹೊರತಂದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಅದು, ರೂಢಿಯಲ್ಲಿ ಎಂಸಿಪಿ. ನಮ್ಮ ಕೇಂದ್ರ ಸಾಂಖ್ಯಿಕ ಸಚಿವಾಲಯ ತನ್ನ ಅಂಕಿಅಂಶಗಳನ್ನು ಒಂದೆಡೆ ಕೊಡಲು 2024ರ ಜೂನ್ 29ರಂದು, ಸಾಂಖ್ಯಿಕ ದಿನದಂದು, ‘ಇ-ಸಾಂಖ್ಯಿಕಿ’ ತಾಣ ತೆರೆದಿತ್ತು. 2026ರ ಫೆಬ್ರುವರಿಯಲ್ಲಿ ಅದಕ್ಕೆ ಎಂಸಿಪಿ ಸರ್ವರ್‌ನ ಪ್ರಾಯೋಗಿಕ ಆವೃತ್ತಿಯನ್ನೂ ಸೇರಿಸಿತು. ಈಗ ಗ್ರಾಹಕ ಬೆಲೆ ಸೂಚ್ಯಂಕ, ಕೈಗಾರಿಕಾ ಉತ್ಪಾದನೆ, ಉದ್ಯೋಗ ಸಮೀಕ್ಷೆಯಂಥ ಅಂಕಿಗಳನ್ನು ಎಐ ನೇರವಾಗಿ ಕೇಳಿ ಪಡೆಯಬಹುದು.

ಬಾಗಿಲು ತೆರೆದಿದೆ ನಿಜ, ಒಳಗೆ ಎಡವುವ ಜಾಗಗಳೂ ಇವೆ. ಬೆಲೆ ಸೂಚ್ಯಂಕಕ್ಕೆ ಮೊದಲು 2012 ಆಧಾರ ವರ್ಷವಾಗಿತ್ತು; ಆ ವರ್ಷದ ಬೆಲೆಮಟ್ಟ 100 ಎಂದು ಲೆಕ್ಕ. 2025ರ ಕೊನೆಗೆ ಸೂಚ್ಯಂಕ 190 ದಾಟಿತ್ತು. 2026ರ ಫೆಬ್ರುವರಿಯಲ್ಲಿ 2024ನ್ನು ಆಧಾರವಾಗಿಟ್ಟ ಹೊಸ ಸರಣಿ ಬಂತು. ಅದರ ಅಂಕಿ ಮತ್ತೆ 100ರ ಆಸುಪಾಸು. ಎರಡು ಸರಣಿಗಳನ್ನು ಹಾಗೇ ಅಕ್ಕಪಕ್ಕ ಇಟ್ಟ ಏಜೆಂಟ್ ‘ಒಂದೇ ತಿಂಗಳಲ್ಲಿ ಬೆಲೆ ಅರ್ಧಕ್ಕಿಳಿಯಿತು’ ಎಂದು ಗಂಭೀರವಾಗಿ ವರದಿ ಕೊಟ್ಟೀತು! ಉದ್ಯೋಗ ಸಮೀಕ್ಷೆಯದೂ ಇದೇ ಪಾಡು. ಅದರ ವಾರ್ಷಿಕ ಲೆಕ್ಕ ಹಿಂದೆ ಜುಲೈಯಿಂದ ಜೂನ್‌ವರೆಗೆ ಇತ್ತು, 2025ರಿಂದ ಜನವರಿ–ಡಿಸೆಂಬರ್ ಆಗಿದೆ. ಇಂಥ ಸಂಗತಿಗಳು ಅಂಕಿಯ ಮೈಮೇಲೆ ಬರೆದಿರುವುದಿಲ್ಲ. ವಿವರಣೆಯಲ್ಲಿ ಯಾರಾದರೂ ಬರೆದಿಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಏನಿಲ್ಲ ಎಂಬುದನ್ನೂ ಬರೆಯಬೇಕು. ‘ಶೀಳನೆರೆಯಲ್ಲಿ ಹಣದುಬ್ಬರ ಎಷ್ಟು?’ ಎಂದು ಕೇಳಿದರೆ ಉತ್ತರವಿಲ್ಲ. ಬೆಲೆ ಸೂಚ್ಯಂಕ ಸಿಗುವುದು ರಾಜ್ಯದ ಮಟ್ಟಕ್ಕೆ, ಗ್ರಾಮೀಣ ಮತ್ತು ನಗರ ಎಂಬ ವಿಂಗಡಣೆಯೊಂದಿಗೆ. ಊರಿನ ಜನಸಂಖ್ಯೆ ಕೇಳಿದರೆ ಕೈಗೆ ಸಿಗುವುದು 2011ರ ಜನಗಣತಿಯ ಲೆಕ್ಕ. ವಿವರಣೆ ಈ ಮಿತಿಗಳನ್ನು ಹೇಳದಿದ್ದರೆ, ಕರ್ನಾಟಕದ ಅಂಕಿಯನ್ನೇ ಶೀಳನೆರೆಯದೆಂದು ಒಪ್ಪಿಸುವ ಚಾಳಿ ಎಐಗಿದೆ. ಊರ ಹೆಸರುಗಳದೂ ತಕರಾರೇ: ಕೆ.ಆರ್.ಪೇಟೆ, ಕೃಷ್ಣರಾಜಪೇಟೆ ಎರಡೂ ಒಂದೇ ಎಂದು ಯಂತ್ರಕ್ಕೆ ತಿಳಿಸಬೇಕು. ಅದಕ್ಕೇ ಸರ್ಕಾರಿ ದಾಖಲೆಗಳು ಹೆಸರಿನೊಂದಿಗೆ ಸಂಕೇತ ಸಂಖ್ಯೆಯನ್ನೂ ಬಳಸುತ್ತವೆ. ಜನಗಣತಿಯಲ್ಲಿ ಕರ್ನಾಟಕದ ಸಂಖ್ಯೆ 29.

ಟೂಲ್ ಬರೆಯುವ ನಮ್ಮ ತಂತ್ರಜ್ಞರಲ್ಲಿ ಒಂದು ಕೋರಿಕೆ: ಊರು, ಸರಕು, ಅಳತೆಗಳ ಕನ್ನಡ ಹೆಸರುಗಳನ್ನೂ ವಿವರಣೆಯಲ್ಲಿ ಸೇರಿಸಿ. ಓದುಗರು ಮಾಡಬಹುದಾದದ್ದೂ ಇದೆ. ಎಐ ಯಾವುದೇ ಅಂಕಿ ಕೊಟ್ಟರೆ ಯಾವ ವರ್ಷದ್ದು, ಯಾವ ಪ್ರದೇಶದ್ದು, ಯಾವ ಅಳತೆಯಲ್ಲಿ, ಎಲ್ಲಿಂದ ತಂದದ್ದು ಎಂದು ಕೇಳಿ. ಈ ನಾಲ್ಕಕ್ಕೆ ಉತ್ತರ ಬಾರದಿದ್ದರೆ ಆ ಅಂಕಿಯನ್ನು ನಂಬಿ ಮಾಲು ಮಾರಬೇಡಿ.