ಜ್ವಾಲೆಯಿಲ್ಲದ ನಂದಾದೀಪ

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಭಗವಾನ್ ಬಾಹುಬಲಿಯನ್ನೂ ಕೃಷ್ಣರಾಜನಗರ ಸೀಮೆಯ ಹನಸೋಗೆಯಲ್ಲಿ ಆದಿನಾಥರನ್ನೂ ದರ್ಶಿಸುವ ಶ್ರಾವಕರಿಗೆ ನಂದಾದೀಪದ ಸೇವೆ ಹೊಸದಲ್ಲ. ಬಸದಿಯ ದೀಪ ಆರದಿರಲೆಂದು ಹಿರಿಯರು ಭೂಮಿಯನ್ನೇ ದತ್ತಿ ಬಿಟ್ಟರು. ಆ ಭಾವವು ಬಡವರ ಮನೆಯ ದೀಪದತ್ತಲೂ ಹರಿಯಬೇಕಲ್ಲವೆ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬಿವು ಚತುರ್ವಿಧ ದಾನಗಳು. ಓದುವ ಮಗುವಿಗೆ ಸೌರದೀಪವೇ ಶಾಸ್ತ್ರದಾನ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಆನೆ, ಹಾವುಗಳ ಭಯ ಕಳೆಯುವ ಅದೇ ಬೆಳಕು ಅಭಯದಾನ.

1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ, 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಬಡವರೂ ಕಂತುಗಳಲ್ಲಿ ಸಾಲ ತೀರಿಸಬಲ್ಲರೆಂಬುದನ್ನು ತೋರಿಸಿಕೊಟ್ಟರು. ಅವರನ್ನು ತಡೆಯುವುದು ಬಹುಮಟ್ಟಿಗೆ ಆರಂಭದ ಮುಂಗಡ. ಹುಣಸೂರು, ಪಿರಿಯಾಪಟ್ಟಣಗಳಂಥ ಊರುಗಳ ಸಮಾಜ ನಿಧಿ ಕೂಡಿಸಿ ಆ ಮುಂಗಡವನ್ನು ಭರಿಸಿದರೆ, ಉಳಿದುದನ್ನು ಮನೆಯವರು ದುಡಿದು ತೀರಿಸುವರು. ಪಡೆದವರ ಮಾನವೂ ಉಳಿಯುವುದು. ಬ್ಯಾಟರಿಗೆ ಆಯುಸ್ಸಿದೆ. ಅದನ್ನು ಬದಲಿಸಲು ನಿಧಿಯಲ್ಲೊಂದು ಪಾಲು ಮೀಸಲಿರಬೇಕು. ಕೊಟ್ಟು ಮರೆತರೆ ದಾನ ಅರ್ಧವೇ ಸರಿ.

ಬೆಂಕಿಯಲ್ಲೂ ಅಗ್ನಿಕಾಯಿಕ ಜೀವಗಳನ್ನು ಕಂಡ ಧರ್ಮ ನಮ್ಮದು. ಸೀಮೆಎಣ್ಣೆಯ ಬುಡ್ಡಿ ಮರೆಯಾದಷ್ಟೂ ಹಿಂಸೆ ತಗ್ಗುತ್ತದೆ. ಹೊಗೆ ಕುಡಿಯುವ ತಾಯಿ, ಮಕ್ಕಳ ಉಸಿರೂ ಹಗುರವಾಗುತ್ತದೆ.

ಗೃಹಸ್ಥನ ಪರಿಗ್ರಹ ಪರಿಮಾಣ ವ್ರತವು ಸಂಪತ್ತಿಗೆ ಮಿತಿ ಹಾಕಿಕೊಳ್ಳೆನ್ನುತ್ತದೆ. ಮಿತಿ ಮೀರಿದ್ದು ತನ್ನದಲ್ಲ. ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗವನ್ನು ಸ್ಮರಿಸುವಾಗ, ಹೆಸರು ಬರೆಸದೆ ಒಂದು ಮನೆಯ ಮುಂಗಡವನ್ನು ಈ ನಿಧಿಗೆ ಸಲ್ಲಿಸೋಣ. ಅಂದು ಸಂಜೆ ಎಲ್ಲೋ ಒಂದು ಮನೆಯಲ್ಲಿ ಬೆಳಗುವ ದೀಪ ದಾನಿಯ ಹೆಸರನ್ನು ಕೇಳುವುದಿಲ್ಲ.