ಅಧ್ಯಾಯ 4: ಏಳದ ಕಂಪ್ಯೂಟರ್

ಬೆಂಗಳೂರಿನ ಪುಲಿಕೇಶಿನಗರದವರಿಗೆ ಕಂಪ್ಯೂಟರ್ ಕೆಟ್ಟಾಗ ಮೊದಲು ನೆನಪಾಗುವುದು ಎಸ್.ಪಿ. ರಸ್ತೆ. ಅಲ್ಲಿ ಸಿಗದ ಬಿಡಿಭಾಗ ಅಪರೂಪ. ಆದರೆ ಕೆಟ್ಟಿದ್ದು ಯಾವುದೆಂದು ತಿಳಿಯದೆ ಹೊರಟರೆ, ಚೆನ್ನಾಗಿರುವ ಭಾಗವನ್ನೇ ಬದಲಿಸಿ ಬರಬೇಕಾದೀತು. ಊಹೆಯ ಮೇಲೆ ದುಡ್ಡು ಸುರಿಯುವುದಕ್ಕಿಂತ ಮನೆಯಲ್ಲೇ ಕ್ರಮವಾಗಿ ಪರೀಕ್ಷಿಸುವುದು ಲೇಸು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಇಡೀ ಪರೀಕ್ಷೆಗೆ ಇದೇ ಸೂತ್ರ.

ಜೀವವೇ ಇಲ್ಲದಿದ್ದರೆ

ದೀಪವೂ ಇಲ್ಲ, ಫ್ಯಾನೂ ತಿರುಗುತ್ತಿಲ್ಲ ಎಂದರೆ ಗೋಡೆಯಿಂದ ಆರಂಭಿಸಿ. ಅದೇ ಸಾಕೆಟ್ಟಿಗೆ ಟೇಬಲ್ ದೀಪ ಹಾಕಿ ನೋಡಿ. ಪವರ್ ಕೇಬಲ್ ಬದಲಿಸಿ. ಕ್ಯಾಬಿನೆಟ್ಟಿನ ಹಿಂಬದಿಯ ಸ್ವಿಚ್ ಆನ್ ಆಗಿದೆಯೇ ಗಮನಿಸಿ. 1898ರ ಪ್ಲೇಗಿನ ನಂತರ ಬೆಳೆದ ಪುಲಿಕೇಶಿನಗರದ ಹಳೆಯ ಮನೆಯಲ್ಲಿದ್ದರೆ ಅರ್ತಿಂಗನ್ನೂ ಪರೀಕ್ಷೆ ಮಾಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆಂದರೆ, ಕಂಪ್ಯೂಟರ್ ಮೆಕ್ಯಾನಿಕ್‌ಗಿಂತ ಮೊದಲು ಎಲೆಕ್ಟ್ರಿಷಿಯನ್ ಬರಬೇಕು.

ಮುಂದಿನದು ಎಸ್‌ಎಂಪಿಎಸ್. ಗೋಡೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಹಂಚುವುದು ಇದರ ಕೆಲಸ. ಮಲ್ಟಿಮೀಟರ್ ಬಳಸಲು ಬಲ್ಲವರು ಹಳದಿ ತಂತಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಇದೆಯೇ ಎಂದು ಅಳೆಯಬಹುದು. ಶೇಕಡಾ 5ರಷ್ಟು ಏರಿಳಿತ ಸಹಜ. 12ರ ಜಾಗದಲ್ಲಿ 11.4ಕ್ಕಿಂತ ಕಡಿಮೆ ತೋರಿಸಿದರೆ ದೋಷವಿದೆ. ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿಯಿದೆ ಎಂದುಕೊಳ್ಳಬೇಡಿ. ಅದರ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ವಿದ್ಯುತ್ ಉಳಿದಿರಬಹುದು, ಅದು ಪ್ರಾಣಾಪಾಯ.

ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ

ಮಾನಿಟರಿನ ಕೇಬಲ್ ಸರಿಯಾಗಿ ಕೂತಿದೆಯೇ ನೋಡಿದ ಮೇಲೆ ಗಮನ ರ‍್ಯಾಮ್ ಮೇಲೆ ಬರಲಿ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ರ‍್ಯಾಮ್ ಪಟ್ಟಿಯನ್ನು ಹೊರತೆಗೆದು ಬೆಳಕಿಗೆ ಹಿಡಿದರೆ, ಕೆಳಗಂಚಿನ ಚಿನ್ನದ ಬಣ್ಣದ ಗೆರೆಗಳ ಮೇಲೆ ಮಸುಕು ಕಾಣಬಹುದು. ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಎರಡೂ ಬದಿಯ ಕ್ಲಿಪ್ಪು ಟಕ್ಕೆನ್ನುವವರೆಗೆ ಒತ್ತಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ.

ಬೀಪ್ ಸದ್ದಿನ ಎಣಿಕೆಯೂ, ಹೊಸ ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ ಎಂದು ಗುರುತು ಹಾಕಿದ ಪುಟ್ಟ ದೀಪಗಳೂ ದೋಷದ ತಾಣ ಹೇಳುತ್ತವೆ. ಬೀಪಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಬೋರ್ಡಿನ ಕೈಪಿಡಿಯನ್ನೇ ನಂಬಿ. ಆದರೂ ತಿಳಿಯದಿದ್ದರೆ ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಬಿಡಿಸಿ ಬೋರ್ಡು, ಪ್ರೊಸೆಸರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟರಿಂದಲೇ ಚಾಲೂ ಮಾಡಿ. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡ್ ಉಳಿಸಿಕೊಳ್ಳಿ. ಆಗ ಎದ್ದರೆ, ಬಿಡಿಸಿದವುಗಳನ್ನು ಒಂದೊಂದಾಗಿ ಮರಳಿ ಜೋಡಿಸುತ್ತ ಬನ್ನಿ. ಯಾವುದನ್ನು ಜೋಡಿಸಿದಾಗ ನಿಂತಿತೋ ದೋಷ ಅದರಲ್ಲಿ ಅಥವಾ ಅದರ ಜೋಡಣೆಯಲ್ಲಿದೆ.

ಎದ್ದು ತಕ್ಷಣ ನಿಂತರೆ

ಪ್ರೊಸೆಸರಿನ ಫ್ಯಾನಿಗೆ ದೂಳು ಕಟ್ಟಿದೆಯೇ, ಅದರ ಪವರ್ ತಂತಿ ಸಡಿಲವಾಗಿದೆಯೇ ನೋಡಿ. ಹಳೆಯ ಮದರ್‌ಬೋರ್ಡಿನ ಸಿಲಿಂಡರಿನಂಥ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ತಲೆ ಉಬ್ಬಿದ್ದರೆ, ಸೀಳಿನಿಂದ ಕಂದು ರಸ ಒಸರಿ ಒಣಗಿದ್ದರೆ ಅದು ಕೆಟ್ಟಂತೆಯೇ. 2000ರ ಆಸುಪಾಸಿನಲ್ಲಿ ಕಳಪೆ ಕೆಪಾಸಿಟರುಗಳಿಂದಾಗಿ ಜಗತ್ತಿನಾದ್ಯಂತ ಅಪಾರ ಬೋರ್ಡುಗಳು ಹೀಗೆ ಹಾಳಾದವು. ಬೆಸುಗೆ ಬಲ್ಲವರು ಇಂಥವನ್ನು ಬದಲಿಸಿ ಇಡೀ ಬೋರ್ಡನ್ನು ಉಳಿಸಬಲ್ಲರು.

ಕಡತಗಳ ಚಿಂತೆ

ಕಂಪ್ಯೂಟರ್ ಏಳಲಿಲ್ಲ ಎಂದರೆ ಫೋಟೋ, ಲೆಕ್ಕಪತ್ರ ಎಲ್ಲ ಹೋದವೆಂದಲ್ಲ. ಡಿಸ್ಕನ್ನು ಅದಕ್ಕೆ ಹೊಂದುವ ಯುಎಸ್‌ಬಿ ಅಡಾಪ್ಟರಿನಿಂದ ಇನ್ನೊಂದು ಕಂಪ್ಯೂಟರಿಗೆ ಸೇರಿಸಿ ನಕಲು ಮಾಡಿಕೊಳ್ಳಬಹುದು. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮಾತ್ರ ಕೂಡಲೇ ನಿಲ್ಲಿಸಿ ತಜ್ಞರಿಗೆ ಒಪ್ಪಿಸಿ. ರಿಪೇರಿಗೆ ಕೊಡುವಾಗ ‘ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ’ ಎಂದು ರಸೀದಿಯ ಮೇಲೆ ಬರೆಸಿ. ನೀವು ಮಾಡಿದ ಪರೀಕ್ಷೆಗಳ ಪಟ್ಟಿಯನ್ನೂ ಜೊತೆಗೆ ಕೊಡಿ. ಮೆಕ್ಯಾನಿಕ್‌ಗೆ ಸಮಯ ಉಳಿಯುತ್ತದೆ, ನಿಮಗೆ ದುಡ್ಡು ಉಳಿಯುತ್ತದೆ.